ಮುಂದಿನ ಸಾಲಿನ ಕುರ್ಚಿ

ವಿಹಾರದ ಅಂಗಳದ ಶಾಮಿಯಾನದಲ್ಲಿ ಎರ್ಲಿಂಡಾಳನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು. ಬಿಳಿ ಗವಸು ತೊಡಿಸಿದ ಕುರ್ಚಿ, ಎದುರಿಗೆ ಫ್ಯಾನು, ಕೈಗೊಂದು ತಣ್ಣೀರಿನ ಲೋಟ. ಬಲಗಡೆ ಜಿಲ್ಲಾ ಶಿಕ್ಷಣ ಕಚೇರಿಯ ಅಧಿಕಾರಿ, ಎಡಗಡೆ ನಿವೃತ್ತರಾದ ಪೊಲೀಸ್ ಸಾಹೇಬರು. ಹಿಂದೆ ಕೂತವರೆಲ್ಲ ರಟ್ಟಿನ ಚೂರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಇಷ್ಟು ಮರ್ಯಾದೆ ಸಿಕ್ಕಿದವಳು ಹಿಗ್ಗಬೇಕಿತ್ತು. ಅವಳಿಗೆ ಮಾತ್ರ, ಯಾರೋ ಮೆಲ್ಲಗೆ ಕೈಹಿಡಿದು ಒಳಮನೆಯಿಂದ ಎಬ್ಬಿಸಿ ತಂದು ಜಗಲಿಯಲ್ಲಿ ಕೂರಿಸಿದ ಹಾಗಿತ್ತು.

ಎದುರಿಗೆ, ಮೆಟ್ಟಿಲುಗಳ ಮೇಲೆ, ಚಿತಾಗಾರದ ಬಾಗಿಲ ಮುಂದೆ ಹೂವಿನ ನಡುವೆ ಒಂದು ಪೆಟ್ಟಿಗೆ. ಅದರೊಳಗೆ ಖಾಮೂನ್ ಅಜ್ಜಿ. ಎರ್ಲಿಂಡಾಳ ಗೆಳತಿ ವಿಲಾವನ್‌ಳ ತಾಯಿ.

ಆಗಷ್ಟೇ ಮೈಕಿನವನು ಬಂದು ಅವಳ ಪೂರ್ತಿ ಹೆಸರು ಕೇಳಿಕೊಂಡು ಹೋಗಿದ್ದ. ಪೆಟ್ಟಿಗೆಯ ಮೇಲೆ ಭಿಕ್ಷುಗಳಿಗೆ ಕೊಡುವ ಕಾವಿ ವಸ್ತ್ರ, ಚೀವರ, ಇಡುವ ಗಣ್ಯರ ಸಾಲಿನಲ್ಲಿ ಅವಳೂ ಇದ್ದಳಂತೆ. ಫ್ರೇ ಎಂಬ ಆ ಥಾಯ್ ಪಟ್ಟಣದಲ್ಲಿ ಹನ್ನೊಂದು ವರ್ಷದಿಂದ ಎಲ್ಲರೂ ಅವಳನ್ನು ಲಿನ್ ಎಂದೇ ಕರೆಯುತ್ತಿದ್ದರು. ತನ್ನ ಪೂರ್ತಿ ಹೆಸರನ್ನು ಬಿಡಿಸಿ ಬಿಡಿಸಿ ಹೇಳುವಾಗ ಅವಳಿಗೆ ಯಾರದೋ ಹೆಸರು ಹೇಳಿದಂತೆ ಅನಿಸಿತು.

ಫಿಲಿಪ್ಪೀನ್ಸಿನ ಇಲೋಯಿಲೊದಿಂದ ಇಂಗ್ಲಿಷ್ ಕಲಿಸಲು ಬಂದ ಹೊಸತರಲ್ಲಿ ಅವಳು ತಪ್ಪುಗಳನ್ನು ಮಾಡುತ್ತಲೇ ಇದ್ದಳು. ಚಿಕ್ಕವರಿಗೆ ತಾನೇ ಮೊದಲು ಕೈಮುಗಿಯುತ್ತಿದ್ದಳು, ಅಲ್ಲಿ ಯಾರ ತಲೆಯನ್ನೂ ಮುಟ್ಟಬಾರದೆಂದು ತಿಳಿಯದೆ ಮಕ್ಕಳ ತಲೆ ಸವರುತ್ತಿದ್ದಳು. ಬಂದ ವರ್ಷವೇ ಪಕ್ಕದ ಬೀದಿಯಲ್ಲಿ ಒಬ್ಬರು ತೀರಿಕೊಂಡರು. ಅವಳ ಊರಿನಲ್ಲಿ ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವುದಿಲ್ಲ. ಬೆಳಗಿನಿಂದ ನಿಂತು ದೊಡ್ಡ ತಟ್ಟೆ ತುಂಬ ತರಕಾರಿ ಹಾಕಿದ ಶಾವಿಗೆ ಮಾಡಿ ಹೊತ್ತುಕೊಂಡು ಹೋದಳು. ಫ್ರೇಯಲ್ಲಿ ಸಾವಿನ ಊಟಕ್ಕೆ ಶಾವಿಗೆ ಬಡಿಸುವುದಿಲ್ಲ. ಆ ಉದ್ದದ ಎಳೆ ಹಿಡಿದುಕೊಂಡು ಒಂದರ ಹಿಂದೆ ಇನ್ನೊಂದು ಸಾವು ಬರುತ್ತದೆ ಅನ್ನುತ್ತಾರೆ. ಹೆಂಗಸರು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ, ಗುರುತೇ ಇಲ್ಲದ ಒಬ್ಬ ಮುದುಕಿ ಎದ್ದು ಬಂದು ತಟ್ಟೆಯ ಮೇಲೆ ತನ್ನ ವಸ್ತ್ರ ಮುಚ್ಚಿದಳು. "ತಂದ್ಯಾ ಮಗಳೇ? ನಾನೇ ಹೇಳಿದ್ದೆ ಇವಳಿಗೆ, ನಮ್ಮನೆಗೆ ಮಾಡ್ಕೊಂಡು ಬಾ ಅಂತ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅವಳನ್ನೂ ತಟ್ಟೆಯನ್ನೂ ಮನೆಗೆ ಕರೆದುಕೊಂಡು ಹೋಗಿ, ಎರಡು ಸಲ ಹಾಕಿಸಿಕೊಂಡು ತಿಂದಳು. ಆಕೆಯೇ ಖಾಮೂನ್ ಅಜ್ಜಿ. ಅವತ್ತಿನಿಂದ ಎರ್ಲಿಂಡಾಳ ಭಾನುವಾರಗಳೆಲ್ಲ ಆ ಮನೆಯ ಅಡುಗೆಮನೆಯಲ್ಲೇ ಕಳೆದವು. ವಿಲಾವನ್ ಅಕ್ಕನಾದಳು.

ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಅದೆಲ್ಲ ಒಂದೇ ಮಾತಿಗೆ ಹೋಯಿತು. ಶಾಲೆಗೆ ಇದೇ ಶಿಕ್ಷಣಾಧಿಕಾರಿ ಬಂದಿದ್ದರು. ಇಂಗ್ಲಿಷ್ ವಿಭಾಗದ ಹಿರಿಯಳಾದ ವಿಲಾವನ್ ಎದ್ದು ನಿಂತು, ಎಲ್ಲ ತರಗತಿಗಳ ಮೌಖಿಕ ಪರೀಕ್ಷೆ ಮುಗಿದಿದೆ ಎಂದಳು. ಬೆಳಗಿನಿಂದ ಪಾಠ ಮಾಡಿ ಕಾಲು ಬಾತುಕೊಂಡಿದ್ದ ಎರ್ಲಿಂಡಾ, ತಲೆಯನ್ನೂ ಎತ್ತದೆ, "ಇಲ್ಲ, ಕೊನೇ ತರಗತಿದು ಆಗಿಲ್ಲ," ಅಂದುಬಿಟ್ಟಳು. ಸುಳ್ಳೇನೂ ಅಲ್ಲ. ಒಂದು ಚೀಟಿ ಬರೆದು ಸರಿಸಬಹುದಿತ್ತು, ಆಮೇಲೆ ಕಿವಿಯಲ್ಲಿ ಹೇಳಬಹುದಿತ್ತು. ಹಿರಿಯರನ್ನು ನಾಲ್ಕು ಜನರ ಮುಂದೆ ತಿದ್ದಬಾರದು ಎನ್ನುವುದು ಹನ್ನೊಂದು ವರ್ಷ ಅಲ್ಲಿದ್ದವಳಿಗೆ ಗೊತ್ತಿಲ್ಲದ್ದಲ್ಲ. ಸುಸ್ತಾಗಿತ್ತು, ಅಷ್ಟೇ. ಕೋಣೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಲೋಟದೊಳಗೆ ನೋಡತೊಡಗಿದರು. ವಿಲಾವನ್ ನಕ್ಕು, ಹೌದಲ್ಲ, ಮರೆತೇಬಿಟ್ಟಿದ್ದೆ ಎಂದು ಕೂತಳು.

ಮರುದಿನದ ಊಟಕ್ಕೆ ಎರ್ಲಿಂಡಾಳ ಮುಂದೆ ಬೇರೆ ತಟ್ಟೆ ಬಂತು. ಉಳಿದವರು ಎಂದಿನಂತೆ ನಡುವಿನ ಬಟ್ಟಲುಗಳಿಗೆ ಅಂಟು ಅನ್ನದ ತುತ್ತು ಅದ್ದಿ ಉಣ್ಣುತ್ತಿದ್ದರು. "ನಿಮಗೆ ಖಾರ ಆಗುತ್ತೆ ಅಂತ ಬೇರೆ ಮಾಡಿಸಿದೆ," ಎಂದು ವಿಲಾವನ್ ಎರಡೂ ಕೈಯಿಂದ ತಟ್ಟೆ ಮುಂದಿಟ್ಟಳು. ಆ ಖಾರವನ್ನು ಅವಳ ಜೊತೆಯಲ್ಲೇ ಮೂಗು ಒರೆಸಿಕೊಂಡು ವರ್ಷಗಟ್ಟಲೆ ತಿಂದವಳು ಎರ್ಲಿಂಡಾ. ಕ್ಷಮೆ ಕೇಳಲು ಹೋದರೆ ಇನ್ನೂ ದೊಡ್ಡ ನಗು. "ಅಯ್ಯೋ, ಏನಿಲ್ಲ ಬಿಡಿ." ಆ ಊರಿನಲ್ಲಿ ಇದಕ್ಕಿಂತ ಭದ್ರವಾದ ಚಿಲಕ ಇನ್ನೊಂದಿಲ್ಲ.

ಬೈಯುವವರ ಜೊತೆ ಹೇಗೋ ಏಗಬಹುದು. ದಿನವೂ ಬಾಗಿಲು ಹಿಡಿದು ನಿಂತು ಮೊದಲು ನೀವು ಹೋಗಿ ಅನ್ನುವವರ ಜೊತೆ ಏಗಿ ಏಗಿ ಅವಳು ಹಣ್ಣಾಗಿಹೋದಳು. ಭಾನುವಾರದ ಭೇಟಿ ನಿಂತಿತು. ಅಜ್ಜಿ ಹಾಸಿಗೆ ಹಿಡಿದದ್ದೂ ಬೇರೆಯವರಿಂದ ತಿಳಿಯಿತು. ನೋಡಲು ಹೋದಾಗ ವಿಲಾವನ್ ಹಣ್ಣಿನ ತಟ್ಟೆ ಕೊಟ್ಟು, ಅಮ್ಮ ಮಲಗಿದ್ದಾರೆ ಎಂದು ಬಾಗಿಲಿನವರೆಗೆ ಬಂದು ಕಳಿಸಿಕೊಟ್ಟಳು. ಈಗ ಅಜ್ಜಿಯೇ ಹೋಗುತ್ತಿದ್ದಾಳೆ. ಆಕೆಯನ್ನು ತಾನು ಆ ಮನೆಯವಳಾಗಿ ನಿಂತು ಕಳಿಸಬೇಕು. ಎರ್ಲಿಂಡಾಳಿಗೆ ಬೇಕಾದದ್ದು ಅಷ್ಟೇ. ಅದಾದರೆ ಆ ಊರಿನ ಋಣ ಮುಗಿದರೂ ಸರಿಯೇ. ಆದರೆ ಅವಳಿಗೆ ಸಿಕ್ಕಿದ್ದು ಮುಂದಿನ ಸಾಲಿನ ಕುರ್ಚಿ.

ಭಿಕ್ಷುಗಳ ಪ್ರವಚನ ಶುರುವಾದಾಗ ಅವಳು ಲೋಟ ಕೆಳಗಿಟ್ಟು, ಪೊಲೀಸ್ ಸಾಹೇಬರ ಮುಂದೆ ಬಗ್ಗಿ ದಾಟಿ, ಊಟದ ಚಾವಡಿಯ ಹಿಂದಕ್ಕೆ ಹೋದಳು.

ಅಲ್ಲಿ ನಲ್ಲಿಯ ಸುತ್ತ ಹೆಂಗಸರು ಮಣೆ ಹಾಕಿಕೊಂಡು, ಮಧ್ಯಾಹ್ನದ ಊಟದ ತಟ್ಟೆಗಳನ್ನು ಟಬ್ಬಿನಿಂದ ಟಬ್ಬಿಗೆ ದಾಟಿಸುತ್ತ ತೊಳೆಯುತ್ತಿದ್ದರು. ಶಾಲೆಯಲ್ಲಿ ಅಡುಗೆ ಮಾಡುವ ಸೀಫನ್ ದೊಡ್ಡಮ್ಮನೂ ಇದ್ದಳು. ಉಳಿದವರು ಗಡಿಬಿಡಿಯಿಂದ ಎದ್ದು ಟೀಚರು ಇಲ್ಲೇಕೆ ಬಂದರು ಎಂದು ಗಾಬರಿಯಾದರು. ದೊಡ್ಡಮ್ಮ ಮಾತ್ರ ಏಳಲಿಲ್ಲ.

"ಪೊಲೀಸಪ್ಪನ ಪಕ್ಕ ಕೂರಿಸಿದ್ರಲ್ಲ, ಲಾಕಪ್ಪಿಂದ ತಪ್ಪಿಸ್ಕೊಂಡು ಬಂದ್ಯೇನೇ?"

"ಬಿಟ್ಬಿಟ್ರು ದೊಡ್ಡಮ್ಮ. ಒಂದು ಜಾಗ ಕೊಡಿ."

ದೊಡ್ಡಮ್ಮ ಅವಳ ನೋಯುವ ಮಂಡಿಯ ಕಡೆ ಒಮ್ಮೆ ನೋಡಿ, ತಾನು ಕೂತಿದ್ದ ಎತ್ತರದ ಸ್ಟೂಲನ್ನು ಅವಳ ಕಡೆ ತಳ್ಳಿ ತಾನು ಮಣೆಗೆ ಇಳಿದಳು. ಹೂಹೂವಿನ ಒಂದು ಏಪ್ರನ್ ಎಸೆದಳು. ಎರ್ಲಿಂಡಾ ಕಪ್ಪು ಲಂಗದ ಮೇಲೆ ಅದನ್ನು ಕಟ್ಟಿಕೊಂಡು ಚಮಚಗಳ ರಾಶಿಗೆ ಕೈ ಹಾಕಿದಳು. ಒಂದು ಹಿಡಿ ತೊಳೆದಿಟ್ಟಳು. ಆಮೇಲೆ ಅವಳೇ ಅಂದಳು:

"ಸಾಕಾಗಿದೆ ದೊಡ್ಡಮ್ಮ. ಈ ವರ್ಷ ಮುಗಿಸಿ ಹೊರಟುಬಿಡ್ತೀನಿ."

"ಹೋಗು. ಯಾರು ಬೇಡ ಅಂದ್ರು?" ಎಂದು ದೊಡ್ಡಮ್ಮ ಇನ್ನೊಂದು ರಾಶಿ ಚಮಚ ಅವಳ ಟಬ್ಬಿಗೆ ಸುರಿದಳು. "ಇದನ್ನ ಮುಗಿಸಿ ಹೋಗು."

ಕೆಲಸದಲ್ಲಿ ಅವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಮೈಕು ಗಣ್ಯರನ್ನು ಒಬ್ಬೊಬ್ಬರಾಗಿ ಕರೆಯುತ್ತಿತ್ತು. ಫಿಲಿಪ್ಪೀನ್ಸ್ ದೇಶದ ಗೌರವಾನ್ವಿತ ಶಿಕ್ಷಕಿ ಎಂದು ಎರಡನೇ ಸಲ ಕೂಗಿದಾಗ, ಸೀಫನ್ ದೊಡ್ಡಮ್ಮ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಎರ್ಲಿಂಡಾ ಓಡಿದಳು. ಇಡೀ ಶಾಮಿಯಾನದ ಕಣ್ಣು ತನ್ನ ಮೇಲಿದ್ದದ್ದು, ಮೊಣಕೈವರೆಗೂ ನೊರೆ ಇದ್ದದ್ದು, ಎದೆಯ ಮೇಲೆ ಆ ಹೂಹೂವಿನ ಏಪ್ರನ್ ಇದ್ದದ್ದು ಅವಳಿಗೆ ಅರಿವಾದದ್ದು ಅರ್ಧ ಮೆಟ್ಟಿಲು ಹತ್ತಿದ ಮೇಲೆ. ಮೇಲೆ ಶಿಕ್ಷಣಾಧಿಕಾರಿ ತಮ್ಮ ಸರದಿ ಮುಗಿಸಿ, ಪೂರ್ತಿ ಕಪ್ಪು ಉಟ್ಟ ವಿಲಾವನ್‌ಗೆ ಏನೋ ಹೇಳುತ್ತ ನಿಂತಿದ್ದರು. ಅದೇ ಅಧಿಕಾರಿ, ಅದೇ ಅಕ್ಕ. ಮತ್ತೆ ಅದನ್ನೇ ಮಾಡಿದೆನಲ್ಲ ಎಂದು ಅವಳ ಕಾಲು ಅಲ್ಲೇ ನಿಂತುಹೋಯಿತು. ಇಳಿಯುವಂತಿಲ್ಲ, ಹತ್ತುವಂತಿಲ್ಲ.

ಅಧಿಕಾರಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ವಿಲಾವನ್‌ಳ ನಗು ಎಲ್ಲಿತ್ತೋ ಅಲ್ಲೇ ಇತ್ತು. ಅವಳು ಚೀವರದ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು ಕೆಳಗಿಳಿದು ಬಂದಳು.

"ಇವಳು ನಮ್ಮನೆಯವಳು ಸಾರ್," ಎಂದಳು, ಕೆಳಗಿನವರಿಗೂ ಕೇಳುವಂತೆ. "ಹಿಂದೆ ಅಡುಗೆಮನೆ ನೋಡ್ಕೊಳ್ತಿದ್ದಾಳೆ. ನಾನೇ ಇರು ಅಂದಿದ್ದೆ. ಮೈಕಿನವನಿಗೆ ಅದೆಲ್ಲ ಗೊತ್ತಾಗಲ್ಲ."

ಅಧಿಕಾರಿ ಹೌದಾ ಹೌದಾ ಎಂದು ಕೈಮುಗಿದು ಇಳಿದುಹೋದರು. ವಿಲಾವನ್ ಎರ್ಲಿಂಡಾಳ ಭುಜ ಹಿಡಿದು ತಿರುಗಿಸಿ ಏಪ್ರನ್ನಿನ ಗಂಟಿಗೆ ಕೈ ಹಾಕಿದಳು. ಒದ್ದೆ ಗಂಟು, ಬೇಗ ಬಿಚ್ಚಲಿಲ್ಲ.

"ಅಕ್ಕ, ಅವತ್ತು ನಾನು…"

"ಸುಮ್ನಿರು. ಭಂತೇಜಿ ಕಾಯ್ತಿದ್ದಾರೆ."

ಏಪ್ರನ್ನಿನಿಂದಲೇ ಅವಳ ಎರಡೂ ಕೈ ಒರೆಸಿ, ತಟ್ಟೆ ಕೊಟ್ಟಳು. ಎರ್ಲಿಂಡಾ ಪೆಟ್ಟಿಗೆಯ ಮೇಲೆ ಚೀವರ ಇಟ್ಟಳು. ಭಿಕ್ಷು ಬಂದು ತೆಗೆದುಕೊಂಡು ಹೋದರು. ಅಜ್ಜಿಗೆ ಹೇಳಬೇಕೆಂದು ವಾರದಿಂದ ಮನಸ್ಸಿನಲ್ಲಿ ಕೂಡಿಸಿಟ್ಟ ಮಾತುಗಳು ಒಂದೂ ಬರಲಿಲ್ಲ. ಬಗ್ಗಿ ನಮಸ್ಕರಿಸಿ ಇಳಿದಳು. ಮತ್ತೆ ಚಾವಡಿಯ ಹಿಂದಕ್ಕೆ ಬಂದು ಕೂತಳು.

ಎಲ್ಲರೂ ಪೆಟ್ಟಿಗೆಯ ಬಳಿ ಗಂಧದ ಚಕ್ಕೆಯಿಂದ ಮಾಡಿದ ಹೂ ಇಟ್ಟು ಬಂದರು. ಚಿತಾಗಾರದ ಕೊಳವೆಯಿಂದ ಹೊಗೆ ಎದ್ದಿತು. ಕಾರುಗಳು, ಸ್ಕೂಟರುಗಳು ಒಂದೊಂದಾಗಿ ಹೊರಟವು. ಹೆಂಗಸರು ತಟ್ಟೆಗಳನ್ನು ಬುಟ್ಟಿಗೆ ತುಂಬಿ ಒಳಗೆ ಸಾಗಿಸಿದರು. ಸಾರಿನ ಹಂಡೆಯೊಂದು ಉಳಿದಿತ್ತು. ಎರ್ಲಿಂಡಾ ಅದರ ತಳ ಉಜ್ಜುತ್ತಿದ್ದಳು. ವಿಲಾವನ್ ಹೇಳಿದ ಮಾತನ್ನೇ ಅವಳು ತಿರುವಿ ತಿರುವಿ ನೋಡುತ್ತಿದ್ದಳು. ಅಧಿಕಾರಿಯ ಮುಂದೆ ಮಾನ ಉಳಿಸಿಕೊಳ್ಳಲು ಆಡಿದ್ದೋ, ನಿಜವಾಗಿಯೇ ಆಡಿದ್ದೋ. ಆ ಊರಿನಲ್ಲಿ ಅದನ್ನು ಕೇಳಿ ತಿಳಿಯುವ ದಾರಿ ಇಲ್ಲ. ಕೇಳುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಕೊನೆಯ ಅತಿಥಿಯನ್ನು ಕಳಿಸಿಕೊಟ್ಟು ವಿಲಾವನ್ ಅಲ್ಲಿಗೆ ಬಂದಳು. ಮುಖದ ಮೇಲೆ ಈಗ ನಗು ಇರಲಿಲ್ಲ. ದಿನವಿಡೀ ನಕ್ಕು ಕೆನ್ನೆಯೆಲ್ಲ ಜೋತುಬಿದ್ದಿತ್ತು.

"ಎಷ್ಟು ಸೋಪು ಸುರಿದಿದ್ದೀಯೇ," ಎಂದಳು. "ಹಂಡೆ ತೊಳೀತಿದ್ದೀಯೋ, ನೀನು ಸ್ನಾನ ಮಾಡ್ತಿದ್ದೀಯೋ?"

ಎರ್ಲಿಂಡಾ ಉಜ್ಜುತ್ತಲೇ ಇದ್ದಳು. ವಿಲಾವನ್ ಎದುರಿನ ಮಣೆಯ ಮೇಲೆ ಕುಸಿದು ಕೂತಳು. ಚಪ್ಪಲಿ ಕಳಚಿದಳು. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಎರಡೂ ಕಾಲುಗಳನ್ನು ನೇರವಾಗಿ ಎರ್ಲಿಂಡಾಳ ಕಡೆಗೆ ಚಾಚಿಬಿಟ್ಟಳು. ಆ ಸೀಮೆಯಲ್ಲಿ ಅತಿಥಿಯ ಕಡೆಗೆ, ಶತ್ರುವಾದರೂ ಸರಿ, ಯಾರೂ ಹಾಗೆ ಪಾದ ತೋರಿಸುವುದಿಲ್ಲ; ಮನೆಯೊಳಗಿನವರ ಮುಂದಾದರೆ ಲೆಕ್ಕ ಬೇರೆ.

ಪಾದಗಳು ಬಾತುಕೊಂಡಿದ್ದವು, ಹಿಮ್ಮಡಿ ಬಿರಿದಿತ್ತು. ಎರ್ಲಿಂಡಾ ಒಂದು ಗಳಿಗೆ ಅವನ್ನು ನೋಡುತ್ತ ಕೂತಳು. ಆಮೇಲೆ ಹಂಡೆಯನ್ನು ಸದ್ದಾಗದಂತೆ ಪಕ್ಕಕ್ಕೆ ಸರಿಸಿ, ಅವುಗಳಿಗೆ ಜಾಗ ಮಾಡಿಕೊಟ್ಟಳು.