ದೇವರ ಪಾಲಿನ ಹಾಲು

ಟಕ್ ಅಂತು, ಮತ್ತೆ ಟಕ್, ತೊಡೆಯ ಮೇಲಿನ ಐಸ್ ಪೆಟ್ಟಿಗೆಯೊಳಗೆ ಬಾಟಲಿಗೆ ಬಾಟಲಿ ತಾಕಿತೇ, ಮುಚ್ಚಳ ಸಡಿಲಾಗಿದ್ದರೆ — ಈ ರೈಲಿಗೇನು ಗೊತ್ತು, ಪಾಪಟೋಟೊಯಿ ಸ್ಟೇಶನ್ ಬಿಟ್ಟಾಗಿನಿಂದ ಕುಲುಕುತ್ತಲೇ ಇದೆ, ಎದುರಿನ ಮುದುಕ ಪೆಟ್ಟಿಗೆ ನೋಡಿ, ಗೋಯಿಂಗ್ ಫಿಶಿಂಗ್, ಮೇಟ್? ಅನ್ನುತ್ತಾನೆ, ಹೂಂ ಅನ್ನುತ್ತೇನೆ, ನನ್ನ ಹೆಂಡತಿಯ ಎದೆಹಾಲು ಅನ್ನಲೇ, ಈ ದೇಶದವರ ಬಾಯಲ್ಲಿ ಐಸ್ ಪೆಟ್ಟಿಗೆ ಅಂದರೆ ಚಿಲ್ಲಿ ಬಿನ್ನು, ನಾನು ಮೆಣಸಿನಕಾಯಿ ಡಬ್ಬಿ ಅಂದುಕೊಂಡಿದ್ದಕ್ಕೆ ರಶ್ಮಿತಾ ಹೊಟ್ಟೆ ಹಿಡಿದು ನಕ್ಕಿದ್ದಳು, ಆಗ ಕೂಸು ಆ ಹೊಟ್ಟೆಯೊಳಗಿತ್ತು, ಈಗ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದೆ, ನನ್ನ ಅಂಗೈಯಷ್ಟು, ತಿಂಗಳು ತುಂಬದೆ ಬಂದದ್ದು, ತಾಯಿಹಾಲು ಬಿಟ್ಟರೆ ಬೇರೆಯದು ಅದರ ಕರುಳಿಗೆ ಕಷ್ಟ ಅಂದಿದ್ದಾರೆ ಡಾಕ್ಟರು, ಹಾಗೆ ಅನ್ನುವಾಗ ನನ್ನ ಮುಖ ನೋಡಲಿಲ್ಲ, ಅದೇ ಭಯ — ಮನೆಯ ಫ್ರೀಜರಿನಲ್ಲಿ ಉಳಿದಿದ್ದು ಎರಡೇ ಬಾಟಲಿ, ಒಂದು ನಮ್ಮದು, ಇನ್ನೊಂದು ದೇವರದಂತೆ, ದೇವರದು ಅಂದರೆ ಪಕ್ಕದ ಪೆಟ್ಟಿಗೆಯ ಟೊಂಗಾ ದ್ವೀಪದವರ ಕೂಸಿನದು, ಅದರ ತಾಯಿ ಸೇಲಾಗೆ ಆಪರೇಶನ್ ಆಗಿ ಹಾಲೇ ಇಳಿದಿಲ್ಲ, ರಶ್ಮಿತಾ ಪ್ರಾರ್ಥನೆ ಮುಗಿಸಿ ಎದ್ದವಳೇ, ಆ ಕೂಸಿಗೂ ನಾ ಕೊಡ್ತೇನಿ ಅಂದುಬಿಟ್ಟಳು, ರಕ್ತ ಪರೀಕ್ಷೆ ಆಯಿತು, ಸೇಲಾ ಒಪ್ಪಿದಳು, ಆಗ ಹಾಲು ಉಕ್ಕುತ್ತಿತ್ತು, ನಾನೂ ಬೇಡ ಅನ್ನಲಿಲ್ಲ, ನಿನ್ನೆಯಿಂದ ಬತ್ತಿದೆ, ಹಾಲು ತೆಗೆಯುವ ಮಶೀನು ಗುಂಯ್ ಅನ್ನುತ್ತದೆ, ಕೊಳವೆಯ ತುದಿಯಲ್ಲಿ ಒಂದು ಹನಿ ತೂಗುತ್ತದೆ, ಬೀಳುವುದಿಲ್ಲ — ಬೆಳಿಗ್ಗೆ ಆಸ್ಪತ್ರೆಯಲ್ಲಿರುವ ಅವಳಿಗೆ ಫೋನಿನಲ್ಲಿ ಕೂಗಿದೆ, ನಿಂಗ ತಲಿ ಕೆಟ್ಟೈತೇನು, ನಮ್ಮ ಕೂಸಿಗ ಹಾಲಿಲ್ಲ, ಅವಳು ಮೆತ್ತಗೆ, ಜಾಸ್ತಿ ಇದ್ರಷ್ಟ ಕೊಡ್ತೇನಿ ಅಂದಿದ್ದಿಲ್ರೀ ನಾ, ನಿಮ್ಮವ್ವ ಹಿಡಿ ಅಕ್ಕಿ ತೆಗೀತಿದ್ದಿಲ್ಲೇನು.

ಹಿಡಿ ಅಕ್ಕಿ. ಬೆಟಗೇರಿಯ ಮನೆ, ಅವ್ವ ಅನ್ನಕ್ಕಿಡುವ ಮುಂಚೆ ಒಂದು ಹಿಡಿ ತೆಗೆದು ದೇವರ ಡಬ್ಬಿಗೆ ಹಾಕುತ್ತಾಳೆ, ರವಿವಾರ ಅದು ಚರ್ಚಿಗೆ, ಅಲ್ಲಿಂದ ಇಲ್ಲದವರ ಮನೆಗೆ, ಅಪ್ಪ ಸತ್ತ ವರ್ಷ ಒಂದೇ ಹಿಡಿ ಉಳಿದ ದಿನ ಅದನ್ನೂ ಹಾಕಿದಳು, ಎಲ್ಲಾ ಅವನದ, ಅವನ ನೋಡ್ಕೋತಾನ, ಅಂದಳು, ನೋಡಿಕೊಂಡನೇ, ನೀರು ಕುಡಿದು ಮಲಗಿದೆವು, ಯಾವನೂ ಬಾಗಿಲು ಬಡಿಯಲಿಲ್ಲ, ಮರುದಿನ ಒಂಬತ್ತನೇ ಇಯತ್ತೆ ಬಿಟ್ಟು ಗ್ಯಾರೇಜು ಸೇರಿದೆ, ನೋಡ, ದೇವರು ದಾರಿ ತೋರಿಸಿದ, ಅಂದಳು ಅವ್ವ, ತೋರಿಸಿದ್ದು ನಟ್ಟು ಬಿಚ್ಚುವ ಪಾನಾ, ಗ್ರೀಸು, ಮಾಲಕನ ಒದೆ, ಮಗನನ್ನೇ ಹಿಡಿಯಾಗಿ ಎತ್ತಿ ಡಬ್ಬಿಗೆ ಹಾಕಿದಳು, ಈಗ ನನ್ನ ಕೂಸನ್ನೂ ಹಾಕಬೇಕೇ — ಸ್ಟೇಶನ್ ಬಂತು, ಗಾಳಿ ಕೊರೆಯುತ್ತದೆ, ಎರಡೂ ನಮ್ಮದೇ ಅಂದುಬಿಟ್ಟರೆ ಯಾರು ಕೇಳುತ್ತಾರೆ, ಆಸ್ಪತ್ರೆಯ ಬಾಗಿಲಲ್ಲೇ ಮೊಣಕೈ ತನಕ ಕೈ ತೊಳಿ ಅನ್ನುತ್ತಾಳೆ ನರ್ಸು, ಕೊಡದಿದ್ದರೆ ದೇವರು ಸಿಟ್ಟಾಗಿ ನಮ್ಮ ಕೂಸನ್ನು — ಕೊಟ್ಟರೆ ಹಸಿದು ನಮ್ಮ ಕೂಸು — ಎತ್ತ ತಿರುಗಿದರೂ ಅದೇ ಗಾಜು, ಗಾಜಿನ ಪಕ್ಕ ಗಾಲಿಕುರ್ಚಿಯಲ್ಲಿ ಸೇಲಾ, ನನ್ನ ಐಸ್ ಪೆಟ್ಟಿಗೆಯ ಕಡೆ ನೋಡುವುದಿಲ್ಲ, ತಲೆ ತಗ್ಗಿಸಿ ಕೂತಿದ್ದಾಳೆ, ನೀರು ಕುಡಿದು ಮಲಗಿದ ದಿನ ಅವ್ವ ಹೀಗೇ ಕೂತಿದ್ದಳು, ಆ ಡಬ್ಬಿಯ ಅಕ್ಕಿ ಯಾರ ಮನೆಯಲ್ಲೋ ಬೆಂದಿರಬೇಕು, ಯಾರ ಕೂಸೋ ಉಂಡಿರಬೇಕು, ಥೂ, ಇದೇಕೆ ಈಗ ಹೊಳೆಯಬೇಕು — ಇದು ಅವರದು, ಅಂದೆ ನರ್ಸಿಗೆ, ಬಾಟಲಿ ಕೊಟ್ಟೆ, ನಂಬಿಕೆಯಿಂದಲ್ಲ, ಹಲ್ಲು ಕಚ್ಚಿ, ಥ್ಯಾಂಕ್ಯೂ ಬ್ರದರ್ ಅಂದಳು ಸೇಲಾ, ನಾನು ನಿಲ್ಲಲಿಲ್ಲ, ಪರದೆಯ ಹಿಂದೆ ರಶ್ಮಿತಾ, ಕೊಟ್ರೇನ್ರೀ, ಕೊಟ್ಟೆ, ನಿನ್ನ ದೇವರಿಗಿ ಈಗರ ಹೇಳು, ಅವಳು ಕಣ್ಣು ಮುಚ್ಚುತ್ತಾಳೆ, ಮಶೀನು ಗುಂಯ್ ಅನ್ನುತ್ತದೆ, ತುದಿಯಲ್ಲಿ ಹನಿ ತೂಗುತ್ತದೆ, ಅಪ್ಪಾ ದೇವರೇ, ಅಂದವನು ನಾನೇ ಏನು, ಹನಿ ದಪ್ಪಗಾಗುತ್ತದೆ, ಬೆಳಕು ಹಿಡಿಯುತ್ತದೆ, ಬೀಳು, ಹನಿ, ಬೀಳು, ಹನಿ —