ಬೋರಕ್ಕನ ಕೈಮಾತು

ಚಳ್ಳಕೆರೆಯ ಒಂದು ಪುಟ್ಟ ಕಚೇರಿಯಲ್ಲಿ ಕಿವಿ ಕೇಳದವರಿಗಾಗಿ ವಿಡಿಯೊ ಕರೆಯ ಸೇವೆ ನಡೆಯುತ್ತಿತ್ತು. ಪರದೆಯಲ್ಲಿ ಅವರ ಕೈಸನ್ನೆ ನೋಡಿ, ಅದನ್ನು ಡಾಕ್ಟರಿಗೋ ಅಂಗಡಿಯವರಿಗೋ ಮಾತಿನಲ್ಲಿ ತಿಳಿಸುವವಳು ಮಾಲಾ. ಕಂಪ್ಯೂಟರಿನ ಹೊಣೆ ದೀಪಿಕಾಳದು.

ಕೊಂಡ್ಲಹಳ್ಳಿಯ ಬೋರಕ್ಕ ಹೊಲದ ಕೆಲಸ ಮುಗಿಸಿ ಮಧ್ಯಾಹ್ನವೇ ಕರೆ ಮಾಡುತ್ತಿದ್ದಳು. ಆ ಹೊತ್ತಿಗೆ ಚಿತ್ರ ತಡವರಿಸುತ್ತಿತ್ತು. ಎದೆಯ ಬಳಿ ಇದ್ದ ಕೈ ಒಮ್ಮೆಲೇ ಹಣೆಗೆ ಹಾರುತ್ತಿತ್ತು. ನಡುವಿನ ಮಾತೇ ಮಾಯ.

“ಏನಂದ್ಲೋ ತಿಳೀಲಿಲ್ಲ ಕಣೇ,” ಎಂದಳು ಮಾಲಾ.

“ಕಂಪ್ಯೂಟರ್ ಸರಿಯಾಗೇ ಐತೆ. ಆಕೆ ಕೈ ಜೋರು ಆಡಿಸ್ತಾಳೆ. ನಿಧಾನ ಮಾಡು ಅನ್ನು,” ಎಂದಳು ದೀಪಿಕಾ, ತಲೆಯೆತ್ತದೆ. ಮಾಲಾ ಬೋರಕ್ಕನಿಗೆ ಹಾಗೆಯೇ ತಿಳಿಸಿದಳು.

ಕೆಲವು ವಾರಗಳ ಮೇಲೆ ಬೋರಕ್ಕ ತಂಗಿ ಪಾಲಮ್ಮನೊಂದಿಗೆ ಕಚೇರಿಗೇ ಬಂದಳು. ಮಾಲಾಳ ಎದುರು ಕೂತು ಒಂದು ಸನ್ನೆ ಮಾಡಿ, ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, ಅರ್ಥವಾಯಿತೇ ಎಂದು ಅವಳ ಮುಖ ನೋಡಿ, ಆಮೇಲೆ ಇನ್ನೊಂದು ಸನ್ನೆ ಮಾಡಿದಳು.

“ಮನೇಲೂ ಹಿಂಗೇ ಮಾಡ್ತಾಳ್ರಿ,” ಎಂದಳು ಪಾಲಮ್ಮ. “ಕನ್ನಡಿ ಮುಂದೆ ಕುಂತ್ಕಂಡು ಕಲ್ತ್ಲು. ನನ್ ಕೈನೇ ಸರಿ ಇಲ್ಲ ಅಂತ ನಮ್ ಜತೆ ಮಾತೂ ಕಮ್ಮಿ ಮಾಡವ್ಳೆ.”

ಅಂದು ಮೊದಲ ಸಲ ದೀಪಿಕಾ ಕಂಪ್ಯೂಟರಿನ ಒಳಗನ್ನು ನಿಜವಾಗಿ ನೋಡಿದಳು. ಒಂದೇ ಯಂತ್ರದೊಳಗೆ ಸಾಫ್ಟ್‌ವೇರಿನಿಂದ ಕರೆಗೊಂದು, ಹಳೆಯ ವಿಡಿಯೊಗಳಿಗೊಂದು ಎಂದು ಎರಡು ವರ್ಚುವಲ್ ಯಂತ್ರಗಳನ್ನು ಮಾಡಿ, ಪ್ರೊಸೆಸರನ್ನು ಎರಡಕ್ಕೂ ಸಮನಾಗಿ ಹಂಚಿದ್ದವಳು ಅವಳೇ. ಮಧ್ಯಾಹ್ನ ಹಳೆಯ ವಿಡಿಯೊಗಳನ್ನು ಕಡಿಮೆ ಜಾಗ ಹಿಡಿಯುವಂತೆ ಕುಗ್ಗಿಸುವ ಕೆಲಸ ಶುರುವಾದೊಡನೆ ಕರೆಯ ಯಂತ್ರ ತನ್ನ ಸರದಿಗಾಗಿ ಕಾಯುತ್ತಿತ್ತು. ಹಳೆಯ ವಿಡಿಯೊ ನಾಳೆ ಕುಗ್ಗಿದರೂ ನಡೆಯುತ್ತದೆ. ಆಡುವ ಕೈಯ ಚಿತ್ರ ತಡವಾಗಿ ಬಂದರೆ ಬಿಸಾಡುವುದೇ. ಕರೆಗೆ ಮೊದಲ ಸರದಿ ಕೊಟ್ಟು, ಉಳಿದದ್ದನ್ನು ಮತ್ತೊಂದಕ್ಕೆ ಬಿಟ್ಟಳು. ಅಷ್ಟೇ ಕೆಲಸ.

ಬೋರಕ್ಕನನ್ನು ಜಗುಲಿಗೆ ಕಳಿಸಿ ಕರೆ ಮಾಡಿಸಿದರು. ಚಿತ್ರ ಎಲ್ಲೂ ಮುರಿಯಲಿಲ್ಲ.

“ನೋಡು, ನಿಧಾನ ಮಾಡಿದ್ದು ಒಳ್ಳೇದೇ ಆತು!” ಎಂದು, ದೀಪಿಕಾ ಮಾಡಿದ್ದೇನೆಂದು ಅರಿಯದ ಮಾಲಾ, ಅದನ್ನೇ ಸನ್ನೆಯಲ್ಲೂ ಹೇಳಿದಳು. ಬೋರಕ್ಕ ಪರೀಕ್ಷೆ ಪಾಸಾದವಳಂತೆ ನಗುತ್ತಾ ಒಳಗೆ ಬಂದಳು.

ದೀಪಿಕಾ ಸುಮ್ಮನಿದ್ದುಬಿಡಬಹುದಿತ್ತು. ಆ ನಗುವನ್ನು ನೋಡಿಕೊಂಡು ಇರಲಾಗಲಿಲ್ಲ.

“ಮಾಲಾ, ಅವರಿಗೆ ಹೇಳು. ತಪ್ಪು ಅವರ ಕೈಯದಲ್ಲ, ನಂದು. ಒಂದ್ಸಲನೂ ನೋಡ್ದೇನೇ ಅವರ ಮೇಲೆ ಹಾಕ್ದೆ.”

ಮಾಲಾಳ ಕೈಗಳು ಆಡಿದವು. ಬೋರಕ್ಕನ ನಗು ಇಳಿಯಿತು. ಅವಳ ಕೈಗಳು ಮೇಲೆದ್ದವು, ತಡೆಯಿಲ್ಲದೆ, ಸರಸರನೆ.

“ಏನಂತವ್ರೆ?”

“ಬೈತಾವ್ರೆ. ಎಲ್ಲಾನೂ ಹೇಳ್ಲಾ?”

“ಹೇಳು,” ಎಂದಳು ದೀಪಿಕಾ. ಕೊನೆಯ ಮಾತಿನವರೆಗೂ ನಿಂತೇ ಕೇಳಿದಳು.