ಹೊಂಗೆಮರದ ಕೋಟು

ಬೋರಲಿಂಗಯ್ಯ ನಡೆದರೆ ಸಪ್ಪಳವಾಗುತ್ತಿರಲಿಲ್ಲ. ಆರಡಿ ಆಳು, ರೇಷ್ಮೆಹುಳು ಜ್ವರಕ್ಕೆ ಹೋದಾಗ, ಎಂದರೆ ಪೊರೆ ಬಿಡಲು ಮಲಗಿದಾಗ, ಅವುಗಳ ನಿದ್ದೆ ಕೆಡದಿರಲೆಂದು ಕಲಿತ ತುದಿಗಾಲ ನಡಿಗೆಯನ್ನು ಆತ ಬೈರಮಂಗಲದ ಬೀದಿಯಲ್ಲೂ ಬಿಟ್ಟವನಲ್ಲ. ಯಾರೇ ಮಾತಿಗೆ ಸಿಗಲಿ, ಮೊದಲು ‘ಒಸಿ ತಡೀರಿ’ ಎಂದು ಖಾಕಿ ಕೋಟಿನ ಜೇಬು ತಡವಿ ಬೀಡಿ ಹಚ್ಚುವುದು, ಆಮೇಲೆ ಮಾತು.

ಆ ಬೀಡಿಗೂ ರಜೆಯಿತ್ತು. ಒಮ್ಮೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬಂದವನು ಬೀಡಿ ಹಿಡಿದ ಕೈ ತೊಳೆಯದೆ ಹುಳುಗಳಿಗೆ ಸೊಪ್ಪು ಹಾಕಿಬಿಟ್ಟಿದ್ದ; ಹೊಗೆಸೊಪ್ಪಿನ ನಂಜು ತಾಗಿ ಅವು ಹಸಿರು ಕಕ್ಕಿ ಸತ್ತವು. ಅಂದಿನಿಂದ ಹುಳು ಮನೆಗೆ ಬಂದ ದಿನ ಬೀಡಿ ಸಮೇತ ಕೋಟು ಹೊರಗಿನ ಹೊಂಗೆಮರಕ್ಕೆ. ಗೂಡು ಕಟ್ಟುವ ತನಕ, ಇಪ್ಪತ್ತಾರು ದಿನ, ಒಂದು ಬೀಡಿಯಿಲ್ಲ. ಗೂಡು ಮಾರಿದ ಗಳಿಗೆಗೆ ಮತ್ತೆ ಹೊಗೆ.

ಕಾರ್ಖಾನೆಗಳು ಬಂದವು. ಹಿಪ್ಪುನೇರಳೆ ತೋಟ ಹೋಯಿತು, ಹುಳು ಹೋಯಿತು, ಬೀಡಿಯ ರಜೆಯೂ ಹೋಯಿತು. ಕೆಮ್ಮು ಆತನನ್ನು ಕೂತಲ್ಲೇ ಬಗ್ಗಿಸತೊಡಗಿತು. ಬೀಡಿ ಬಿಡದಿದ್ದರೆ ಹೆಚ್ಚು ದಿನವಿಲ್ಲ ಎಂದರು ಡಾಕ್ಟರು. ಅದು ಎರಡು ಸಾವಿರದ ಏಳು. ಆ ಊರಿನ ಮೇಷ್ಟ್ರಾಗಿದ್ದ ನಾನು ಪತ್ರಿಕೆ ಹಿಡಿದು ಹೋದೆ: ಮೆದುಳಿನ ಒಂದು ಮಡಿಕೆಗೆ ಪೆಟ್ಟಾದ ಕೆಲವರು ಸಿಗರೇಟಿನ ಆಸೆಯನ್ನೇ ಮರೆತರಂತೆ, ಚಟದ ಬೇರು ಅಷ್ಟು ಆಳದಲ್ಲಿದೆಯಂತೆ, ನಿನ್ನದೇನೂ ತಪ್ಪಿಲ್ಲ ಎಂದು ಸಮಾಧಾನ ಹೇಳಿದೆ.

‘ಒಸಿ ತಡೀರಿ ಮೇಷ್ಟ್ರೆ. ಅಂಗಾರೆ ದೊಣ್ಣೆ ತಕ್ಕಂಡು ಅಲ್ಲಿಗೇ ಒಂದು ಬುಡಿ,’ ಎಂದು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ. ನನಗೆ ಅಳು ಬಂತು.

ಹೆಂಡತಿ ಶಿವಲಿಂಗಮ್ಮ ಪತ್ರಿಕೆ ಓದುವವಳಲ್ಲ. ಮರುವಾರ ತವರೂರು ಕಲ್ಯದಿಂದ ಒಂದೇ ಒಂದು ತಟ್ಟೆ ಹುಳು ತಂದು ನಡುಮನೆಯಲ್ಲಿಟ್ಟಳು; ಸೊಪ್ಪಿಗೆ ಹಿತ್ತಿಲಲ್ಲಿ ಉಳಿದ ಎಂಟು ಗಿಡ ಸಾಕಾಗಿತ್ತು. ‘ನನ್ಗೋಸ್ಕರ ಬುಡ್‌ಬ್ಯಾಡ. ಇವಕ್ಕೆ ಆಗಾಕಿಲ್ಲ, ಅಷ್ಟೇಯ,’ ಎಂದಳು. ಆತ ಎದ್ದು ಕೋಟನ್ನು ಹೊಂಗೆಗೆ ನೇತುಹಾಕಿ ಬಂದು ಕೈ ತೊಳೆದ. ಆ ಹುಳು ಗೂಡು ಕಟ್ಟುವ ಮೊದಲೇ ಇನ್ನೊಂದು ತಟ್ಟೆ ಬಂತು, ಅದರ ಹಿಂದೆ ಮತ್ತೊಂದು.

ವರ್ಗವಾಗಿ ಹೋಗಿದ್ದ ನಾನು ಎರಡು ವರ್ಷದ ಮೇಲೆ ಬಂದಾಗ ಕೋಟು ಮರದಲ್ಲೇ ಇತ್ತು, ಬಿಸಿಲಿಗೆ ಬಣ್ಣ ಬಿಟ್ಟಿತ್ತು. ಬೋರಲಿಂಗಯ್ಯ ಕೆಮ್ಮಿಲ್ಲದೆ ನೆಟ್ಟಗೆ ನಿಂತು ಸೊಪ್ಪು ಹೆಚ್ಚುತ್ತಿದ್ದ. ‘ಆಸೆ ಹೋಯಿತೆ?’ ಎಂದೆ.

‘ಎಲ್ಲೋಯ್ತದೆ? ದಿನಾ ಬತ್ತದೆ. ಒಸಿ ಮೆಲ್ಲುಕೆ ಮಾತಾಡಿ, ಹುಳ ಜ್ವರದಾಗವೆ.’

ತಮ್ಮ ಎದೆಗಾಗಿ ಒಂದು ದಿನ ತಡೆಯಲಾರದವರು, ಕೈಗೆ ಬಂದ ಜೀವಕ್ಕಾಗಿ ವರ್ಷಗಟ್ಟಲೆ ತಡೆಯಬಲ್ಲವರು, ಇಂಥ ಜನ ನಮ್ಮ ನಡುವೆ ಇದ್ದಾರೆ. ಆಸೆ ಮೆದುಳಿನಲ್ಲಿ ಎಲ್ಲಿ ಕೂತಿದೆಯೆಂದು ಪಂಡಿತರು ಹುಡುಕಲಿ, ಸಂತೋಷ. ಇವರನ್ನು ಉಳಿಸಿಕೊಳ್ಳಬೇಕೆನ್ನುವವರು ಮಾತ್ರ ನನ್ನಂತೆ ಉಪದೇಶಕ್ಕೆ ಹೊರಡದೆ, ಕಾಪಾಡುವುದಕ್ಕೆ ಏನಾದರೊಂದನ್ನು ಇವರ ಕೈಗೆ ಕೊಡಬೇಕು.